ವಿದೇಶಿ ವಿದ್ಯಾರ್ಥಿನಿ ನಮ್ಮ ಮನೆಗೆ ಬಂದರೆ



ಹಲಸೂರಿನ ಒಂದು ಸಂಘದ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಕೇಳಿದರು: “ಸಿಸ್ಟರ್, ನಮ್ಮ ಮೇಲಿನ ರೂಮು ಖಾಲಿ ಇದೆ. ಓದೋಕೆ ಬರೋ ಫಾರಿನ್ ಹುಡುಗೀನ ಇಟ್ಕೊಳ್ಳಿ ಅಂತಿದ್ದಾರೆ. ತಿಂಗಳಿಗೆ ಎಷ್ಟು ಕೇಳಬಹುದು?” ಇದಕ್ಕೆ ಉತ್ತರ ಹೇಳಲು ನಮಗೆ ಎರಡು ಸಭೆ ಹಿಡಿಯಿತು.

ಮೊದಲು ತಿಳಿಯಬೇಕಾದದ್ದು, ಇದರಲ್ಲಿ ಎರಡು ಬಗೆ ಇದೆ. ಎ.ಎಫ್.ಎಸ್., ರೋಟರಿ ಇಂಥ ಸಂಸ್ಥೆಗಳ ಮೂಲಕ ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ವಿನಿಮಯ ಕಾರ್ಯಕ್ರಮದಲ್ಲಿ ಬರುತ್ತಾರೆ. ಅವರನ್ನು ಇಟ್ಟುಕೊಳ್ಳುವ ಮನೆಗೆ ಬಾಡಿಗೆ ಸಿಗುವುದಿಲ್ಲ. ಮನೆಯ ಮಗಳಂತೆ ಊಟ, ಹಾಸಿಗೆ ಕೊಡಬೇಕು. ರೋಟರಿಯವರು ಮನೆಯಲ್ಲಿರುವ ದೊಡ್ಡವರೆಲ್ಲರ ಹಿನ್ನೆಲೆ ವಿಚಾರಿಸುತ್ತಾರೆ, ಹೇಳದೆಯೂ ಮನೆ ನೋಡಲು ಬರುತ್ತಾರೆ. ಅದಕ್ಕೆ ಬೇಜಾರು ಬೇಡ. ನಮ್ಮ ಮಗಳನ್ನು ದೂರದ ಊರಿಗೆ ಕಳಿಸಿದರೆ ನಾವೂ ಹಾಗೇ ವಿಚಾರಿಸ್ತೀವಿ. ಇನ್ನೊಂದು ಬಗೆ, ಇಲ್ಲಿನ ಕಾಲೇಜು ಸೇರಿದ ವಿದ್ಯಾರ್ಥಿನಿ ಬಾಡಿಗೆ ಕೊಟ್ಟು ಪಿ.ಜಿ. ಆಗಿ ಇರುವುದು. ಆದಾಯ ಬೇಕಾದವರು ಎರಡನೆಯದನ್ನು ಯೋಚಿಸಿ. ಒಂದನ್ನು ಇನ್ನೊಂದು ಅಂತ ತಿಳಿದರೆ ಮನಸ್ತಾಪ ಖಂಡಿತ.

ಎರಡರಲ್ಲೂ ಕಾಗದದ ಕೆಲಸ ಇದೆ. ಇಲ್ಲಿ ನಮ್ಮದೇ ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ ಕೆ.ಆರ್. ಪುರದ ಒಂದು ಮನೆಗೆ ನಾವೇ ಹೇಳಿ ಒಬ್ಬ ವಿದ್ಯಾರ್ಥಿನಿಯನ್ನು ಸೇರಿಸಿದೆವು. ಕರೆತಂದವರು “ಎಲ್ಲಾ ಆಗಿದೆ” ಅಂದರು, ನಾವೂ ನಂಬಿದೆವು. ಐದನೇ ದಿನ ಪೊಲೀಸರು ವಿಚಾರಿಸಲು ಬಂದರು. ಆ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಠಾಣೆಯಲ್ಲಿ ಕೂತರು. ಬೈದರೆ ನಮ್ಮನ್ನೇ ಬೈಯಬೇಕಿತ್ತು, ಬೈಯಲಿಲ್ಲ.

ನಿಯಮ ಇಷ್ಟೇ. ವಿದೇಶಿಯರು ನಿಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಬಹಳ ಕಾಲ ಇದನ್ನು ‘ಫಾರ್ಮ್ ಸಿ’ ಅಂತಿದ್ದರು. 2025ರ ಸೆಪ್ಟೆಂಬರ್ 1ರಂದು ವಿದೇಶಿಯರ ಬಗ್ಗೆ ಹೊಸ ಕಾಯ್ದೆ ಜಾರಿಗೆ ಬಂದ ಮೇಲೂ ಮನೆಯವರ ಈ ಹೊಣೆ ತಪ್ಪಿಲ್ಲ. ಬಾಡಿಗೆ ತಗೊಳ್ಳಲಿಲ್ಲ ಅಂದರೂ ತಿಳಿಸಬೇಕು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದರೆ, ಆಕೆ ಬಂದ 14 ದಿನದೊಳಗೆ ಎಫ್.ಆರ್.ಆರ್.ಒ. ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಅದು ಆಕೆಯ ಕೆಲಸ, ಆದರೂ ನೀವು ಕೇಳಿ. ಪಾಸ್‌ಪೋರ್ಟಿನ ಜೆರಾಕ್ಸ್ ಮಾತ್ರ ಇಟ್ಟುಕೊಳ್ಳಿ. ಬಾಡಿಗೆ ಕೊಡದೆ ಓಡಿಹೋದಾಳು ಅಂತ ಪಾಸ್‌ಪೋರ್ಟನ್ನೇ ಬೀರುವಿನಲ್ಲಿಟ್ಟು ಬೀಗ ಹಾಕುವವರಿದ್ದಾರೆ. ಹಾಗೆ ಮಾಡಲೇಬಾರದು.

ಇನ್ನು ಮನೆಯೊಳಗಿನ ಮಾತು. ಒಬ್ಬ ಸದಸ್ಯೆ ಸಂಘದಲ್ಲಿ ಸಾಲ ತೆಗೆದು ವೆಸ್ಟರ್ನ್ ಕಮೋಡು, ಗೀಸರ್ ಹಾಕಿಸಿದರು. ಬಂದ ಹುಡುಗಿ ಮೂರು ತಿಂಗಳಿಗೆ ಹೊರಟುಹೋದಳು, ಕಂತು ಮಾತ್ರ ಉಳೀತು. ಇದಕ್ಕಾಗಿ ಸಾಲ ಬೇಡ. ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು, ಕುಡಿಯಲು ಕಾಯಿಸಿದ ನೀರು, ಸೊಳ್ಳೆಪರದೆ ಇದ್ದರೆ ಸಾಕು. ಕಾವೇರಿ ನೀರು ಯಾವ ದಿನ ಬರುತ್ತದೆ, ಬಕೆಟ್ಟಿನಲ್ಲಿ ಹೇಗೆ ಸ್ನಾನ ಮಾಡೋದು ಅಂತ ಮೊದಲ ದಿನವೇ ತೋರಿಸಿಕೊಡಿ.

ಊಟದಲ್ಲೂ ಹಾಗೇ. ಮೊದಲ ವಾರ ದಿನಾ ಚಿಕನ್, ಆಮೇಲೆ ಸುಸ್ತಾಗಿ ಸಿಡುಕೋದು ಬೇಡ. ಮುದ್ದೆ, ಸಾರು, ಅನ್ನವನ್ನೇ ಹಾಕಿ; ಖಾರ ಕಮ್ಮಿ ಮಾಡಿ, ಒಂದು ಬಟ್ಟಲು ಮೊಸರು ಕೊಡಿ. ತನ್ನ ತಟ್ಟೆ ತಾನೇ ತೊಳೆಯಲಿ. ಹಾಗಂತ ಇಡೀ ಮನೆಯ ಪಾತ್ರೆ ಆಕೆಗೆ ಬಿಡಬೇಡಿ, ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಟ್ಯೂಷನ್ ಹೇಳು ಅಂತಲೂ ಕೂರಿಸಬೇಡಿ. ಭಾಷೆಯ ತಮಾಷೆ ಒಂದಿದೆ: ನಮ್ಮ ಕಡೆ ಮನೇಲಿ ತಮಿಳು, ಸ್ಕೂಲಲ್ಲಿ ಕನ್ನಡ, ಶಿವಾಜಿನಗರದ ಅಂಗಡೀಲಿ ಉರ್ದು. ಆಕೆ ಮೂರನ್ನೂ ಕಲಸಿ ಮಾತಾಡಿದರೆ ನಗಿ, ಆದರೆ ಮಾತು ನಿಲ್ಲಿಸಬೇಡಿ.

ಕೊನೆಗೆ ಒಂದು ಕಷ್ಟದ ಮಾತು. “ಬಿಳಿ ಹುಡುಗಿ ಆದ್ರೆ ಸರಿ ಸಿಸ್ಟರ್, ಆಫ್ರಿಕಾದವರು ಬೇಡ” ಅಂತ ನಮಗೆ ಎಷ್ಟೋ ಸಲ ಹೇಳಿದ್ದಾರೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ಒಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ, ಮೈಬಣ್ಣವೊಂದೇ ಕಾರಣ. ಆ ಹುಡುಗಿಗೂ ದೂರದಲ್ಲಿ ಒಬ್ಬ ತಾಯಿ ಇದ್ದಳು. ರೂಮು ಕೇಳಿ ಬಂದವಳ ಬಣ್ಣ ನೋಡಿ ಬಾಗಿಲು ಹಾಕುವುದನ್ನು ನಾವು ಒಪ್ಪುವುದಿಲ್ಲ. ಗಂಡಸರು, ಅಕ್ಕಪಕ್ಕದವರು ಏನಂತಾರೋ ಅನ್ನುವ ಭಯ ನಮಗೂ ಗೊತ್ತು. ಅವರ ಹತ್ತಿರ ಆಕೆ ಬರುವ ಮೊದಲೇ ಮಾತಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಆನ್‌ಲೈನ್ ಫಾರ್ಮ್ ತುಂಬಲು ಬರುವ ಹೆಣ್ಣುಮಕ್ಕಳು ಯಾರಿದ್ದಾರೆ? ರಾತ್ರಿ ಆಕೆಗೆ ಹುಷಾರು ತಪ್ಪಿದರೆ ಯಾವ ಆಸ್ಪತ್ರೆ, ಆಟೋ ಯಾರದು? ನಿಮ್ಮ ಬೀದಿಯಲ್ಲಿ ಯಾವ ಮನೆಯವರು ಆಕೆಯನ್ನು ಬೇಡ ಅನ್ನಬಹುದು, ಅವರ ಹತ್ತಿರ ಮಾತಾಡುವವರು ಯಾರು?