ಹೊಸದಾಗಿ ಟೈಪಿಂಗಿಗೆ ಕೂತವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ವಿಜಯಪುರ, ತಿಕೋಟಾ, ಬಬಲೇಶ್ವರ, ನಮ್ಮ ಮೂರೂ ಆನ್‌ಲೈನ್ ಸೆಂಟರಿನ ಹೊಸಬರಿಗೆ. ಈ ಹಾಳೆ ಗೋಡೆಗೆ ಹಚ್ಚಿದ್ದು ಓದಲಿಕ್ಕೆ, ಫೋನ್ ನಂಬರ್ ಗೀಚಲಿಕ್ಕಲ್ಲ.

ಮಾಡಬೇಕಾದ್ದು

ಮೊದಲ ಎಂಟು ದಿನ ಊರಿನ ಹೆಸರು, ಅಡ್ಡಹೆಸರುಗಳನ್ನಷ್ಟೇ ಟೈಪ್ ಮಾಡಿ. ನಾವು ಬಳಸುವ ‘ನುಡಿ’ ತಂತ್ರಾಂಶದಲ್ಲಿರುವುದು ಕೆ. ಪಿ. ರಾವ್ ಅವರ ಕೀಲಿಮಣೆ. ಕೈಗೆ ಹತ್ತಿದರೆ ಇದರಷ್ಟು ಚುರುಕಾದದ್ದು ನಾನಂತೂ ಕಂಡಿಲ್ಲ. ಹತ್ತುವ ತನಕ ತಲೆ ತಿನ್ನುತ್ತದೆ. ವಾಟ್ಸಾಪಿಗೆ ಪಳಗಿದ ಬೆರಳು ‘ಟ’ ಬೇಕಾದಾಗ ಟಿ ಒತ್ತುತ್ತದೆ; ಇಲ್ಲಿ ಟಿ ಒತ್ತಿದರೆ ಬರುವುದು ‘ತ’. ‘ಟ’ ಕ್ಯೂನಲ್ಲಿದೆ, ‘ಡ’ ಡಬ್ಲ್ಯೂನಲ್ಲಿ. ತಿಕೋಟಾ ‘ತಿಕೋತಾ’ ಆಗುವುದು ಹೀಗೆ. ಬಬಲೇಶ್ವರದ ‘ಶ್ವ’ಕ್ಕೆ ಷಿಫ್ಟ್ ಹಿಡಿದು ಎಸ್, ಷಿಫ್ಟ್ ಬಿಟ್ಟು ಎಫ್, ಆಮೇಲೆ ವಿ. ಒತ್ತಕ್ಷರ ಬಂದಲ್ಲೆಲ್ಲ ನಡುವೆ ಎಫ್ ಬೇಕು. ಹಿರೇಮಠ ಎಂಬ ಅಡ್ಡಹೆಸರಿನ ‘ಠ’ಕ್ಕೆ ಷಿಫ್ಟ್ ಜೊತೆ ಕ್ಯೂ. ಈ ಮೂರು ಹೆಸರು ಕೀಲಿ ನೋಡದೆ ಬಂದ ದಿನ ಅರ್ಜಿ ಕೈಗೆ ಕೊಡುತ್ತೇನೆ.

ಎಷ್ಟು ಒತ್ತಿದರೂ ಇಂಗ್ಲಿಷೇ ಬರುತ್ತಿದ್ದರೆ ಕಂಪ್ಯೂಟರ್ ಕೆಟ್ಟಿಲ್ಲ. ಸ್ಕ್ರೋಲ್ ಲಾಕ್ ನೋಡಿ.

ಗಿರಾಕಿ ತಂದ ಕಾಗದದ ತಾರೀಖು ಮೊದಲು ಓದಿ. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ಕ್ಕೆ. ತಿಕೋಟಾ, ಬಬಲೇಶ್ವರ ತಾಲೂಕಾದದ್ದು ಅದಕ್ಕೂ ಈಚೆಗೆ. ಅಪ್ಪನ ಕಾಲದ ಉತಾರದಲ್ಲಿ ‘ಬಿಜಾಪುರ ತಾಲೂಕು’ ಎಂದಿದ್ದರೆ ವೆಬ್‌ಸೈಟಿನ ಪಟ್ಟಿಯಲ್ಲಿ ಹಾಗೇ ಆರಿಸಬೇಡಿ, ಊರು ಈಗ ಯಾವ ತಾಲೂಕಿಗೆ ಸೇರಿದೆ ಎಂದು ಕೇಳಿ. ಪಟ್ಟಿಯಲ್ಲಿ ಊರು ಸಿಗದಿದ್ದರೆ ಬಹುತೇಕ ತಾಲೂಕು ತಪ್ಪಿರುತ್ತದೆ.

ಮಾಡಬಾರದ್ದು

ನುಡಿಯ ಹಳೆ ಫಾಂಟಿನಲ್ಲಿ ಬರೆದದ್ದನ್ನು ಸರ್ಕಾರಿ ವೆಬ್‌ಸೈಟಿಗೆ ಅಂಟಿಸಬಾರದು. ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷಿನ ಸಂಕೇತ. ಅಂಟಿಸಿದ ಕೂಡಲೇ ಅದೇ ಹೊರಬೀಳುತ್ತದೆ. ಯುನಿಕೋಡ್ ಆರಿಸಿಕೊಂಡೇ ಬರೆಯಿರಿ.

ಕೇಳದೆ ಒಟಿಪಿ ಕಳಿಸಬಾರದು. ಆಧಾರಿಗೆ ಜೋಡಿಸಿದ ಫೋನು ಪುಣೆಗೆ ದುಡಿಯಲು ಹೋದ ಮಗನ ಕಿಸೆಯಲ್ಲಿರಬಹುದು. ಮೊದಲು ಅವನಿಗೆ ಫೋನ್ ಹಚ್ಚಿಸಿ, ಆಮೇಲೆ ಒತ್ತಿ.

ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳದೆ ಸಬ್‌ಮಿಟ್ ಮಾಡಬಾರದು. ನಾನು ಸೇರಿದ ಮೊದಲ ತಿಂಗಳು ‘ತಿಕೋತಾ’ ಅಂತಲೇ ಕಳಿಸಿಬಿಟ್ಟಿದ್ದೆ. ಆ ಅಜ್ಜ ಬಿಸಿಲಲ್ಲಿ ಮತ್ತೆ ಬಸ್ ಹತ್ತಿ ಬಂದು, ಹಾಳೆ ಮೇಜಿನ ಮೇಲಿಟ್ಟು, “ತಮ್ಮಾ, ಇದು ಯಾವ ಊರೋ?” ಅಂದರು. ಬೈದಿದ್ದರೆ ಚಲೋ ಇತ್ತು.

ಹಳಬರಿಗೂ ಒಂದು ಮಾತು: ಹೊಸಬರ ಕೈಯಿಂದ ಮೌಸ್ ಕಸಿಯಬಾರದು. ನೀವು ಟಕಟಕ ನಾಲ್ಕು ಕಡೆ ಒತ್ತಿ “ಇಷ್ಟೇ ನೋಡು” ಅಂದರೆ ಅವರಿಗೆ ಕಂಡದ್ದು ನಿಮ್ಮ ಬೆನ್ನು. ಬಾಯಲ್ಲಿ ಹೇಳಿ, ಅವರೇ ಒತ್ತಲಿ.

ಬಾರದ ಕೆಲಸಕ್ಕೆ “ಸರ್ವರ್ ಡೌನ್ ಐತ್ರಿ” ಅಂತ ಗಿರಾಕಿಯನ್ನು ವಾಪಸ್ ಕಳಿಸಬಾರದು. ನನ್ನನ್ನು ಕರೆಯಿರಿ. ಊಟಕ್ಕೆ ಕೂತಿದ್ದರೂ ಎದ್ದು ಬರುತ್ತೇನೆ.