ಇಂಜಿನ್ ಬೋರ್‌ಗೆ ಬಂದಿದೆಯಾ? ಇಳಿಸೋ ಮುಂಚೆ ಅಳೆಯಿರಿ

ಮನೆಯ ಹಳೇ ಮಾರುತಿ 800 ಹೊಗೆ ಬಿಟ್ಟರೆ ಗ್ಯಾರೇಜ್‌ನಲ್ಲಿ ಕೇಳೋ ಮೊದಲ ಮಾತು: "ಇಂಜಿನ್ ಬೋರ್‌ಗೆ ಬಂದಿದೆ, ಇಳಿಸಬೇಕು." ಆ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟುತ್ತೆ. ಅಪ್ಪ ಹೂಂ ಅನ್ನೋ ಮುಂಚೆ ನಾವು ಓದಿದ್ದನ್ನು ಸ್ವಲ್ಪ ಬಳಸೋಣ.

ಮೊದಲು ಹೊಗೆಯ ಬಣ್ಣ. ಕಪ್ಪಾದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಇಂಜಿನ್ ಬಿಚ್ಚಬೇಕಿಲ್ಲ. ನೀಲಿಯಾದರೆ ಆಯಿಲ್ ಉರೀತಿದೆ. ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಬಂದು ನಿಂತರೆ ಅನುಮಾನ ವಾಲ್ವ್ ಸೀಲ್ ಮೇಲೆ. ಬಿಡದೆ ಬಿಳಿ ಹೊಗೆ ಬಂದು ಕೂಲೆಂಟ್ ಕಡಿಮೆಯಾಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ.

ಆಮೇಲೆ ಕಂಪ್ರೆಷನ್ ಟೆಸ್ಟ್. ಇಂಜಿನ್ ಬಿಸಿಯಿರುವಾಗ ಇಗ್ನಿಷನ್ ಸಂಪರ್ಕ ತಪ್ಪಿಸಿ, ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ. ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿದೆ, ಅಷ್ಟೆ. ಏರದಿದ್ದರೆ ಸೋರಿಕೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿ. ಆಗ ಹೆಡ್ ಕೆಲಸ ಸಾಕಾಗಬಹುದು.

ನಿಜವಾಗಿಯೂ ಬೋರ್ ಸವೆದಿದ್ದರೆ? 68.5 ಮಿ.ಮೀ. ಬೋರನ್ನು 69ಕ್ಕೆ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಸ್ಟ್ರೋಕ್ 72 ಮಿ.ಮೀ.; 796 ಸಿಸಿ ಸುಮಾರು 808 ಆಗುತ್ತೆ, ಲೆಕ್ಕ ಹಾಕಿ ನೋಡಿ.

ಆದರೆ ಅದಕ್ಕೂ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಿ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಿಸಲು ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು. ಫ್ಲೋರ್ ತುಕ್ಕು ತಿಂದಿದ್ದರೆ ಹೊಸ ಪಿಸ್ಟನ್ ಹಾಕಿ ಏನು ಪ್ರಯೋಜನ? ಬಾಡಿ ಗಟ್ಟಿಯಿದ್ದರೆ ಮಾತ್ರ ಇಂಜಿನ್ ಇಳಿಸಿ.