ದೊಡ್ಡ ಕರುಳಿನ ಉರುವಲು

ದೇಹದ ಅಂಗಾಂಗಗಳಿಗೆ ಪೋಷಕಾಂಶಗಳನ್ನು ಹಂಚುವುದು ರಕ್ತ. ಮಿದುಳು, ಹೃದಯ, ಸ್ನಾಯುಗಳು ರಕ್ತವು ತಂದುಕೊಟ್ಟುದನ್ನೇ ನೆಚ್ಚಿ ಬದುಕುತ್ತವೆ. ಆದರೆ ದೊಡ್ಡ ಕರುಳಿನ ಒಳಪೊರೆಯ ರೀತಿಯೇ ಬೇರೆ. ಅದರ ಜೀವಕೋಶಗಳು ರಕ್ತದ ಗ್ಲೂಕೋಸನ್ನು ಬಳಸಬಲ್ಲವಾದರೂ, ಕರುಳಿನೊಳಗೆ ಸೂಕ್ಷ್ಮಜೀವಿಗಳು ಸಿದ್ಧಪಡಿಸುವ ಒಂದು ಆಮ್ಲವನ್ನೇ ಹೆಚ್ಚಾಗಿ ಬಯಸುತ್ತವೆ.

ಸುಮಾರು ಒಂದೂವರೆ ಮೀಟರ್ ಉದ್ದದ ಈ ಅಂಗವನ್ನು ನೀರು ಹೀರುವ, ಕಸವನ್ನು ಹೊರದೂಡುವ ಕೊಳವೆಯೆಂದಷ್ಟೇ ಎಣಿಸುವುದು ಅದಕ್ಕೆ ಮಾಡುವ ಅನ್ಯಾಯ. ಸೊಪ್ಪು, ಕಾಳು, ರಾಗಿ, ಹಣ್ಣುಗಳಲ್ಲಿರುವ ನಾರನ್ನು ಜೀರ್ಣಿಸುವ ಕಿಣ್ವಗಳು ಮಾನವನಲ್ಲಿಲ್ಲ. ಆದುದರಿಂದ ನಾರು ಸಣ್ಣ ಕರುಳನ್ನು ದಾಟಿ ಹಾಗೆಯೇ ದೊಡ್ಡ ಕರುಳನ್ನು ಸೇರುತ್ತದೆ. ಆಮ್ಲಜನಕವು ಇಲ್ಲವೆನ್ನುವಷ್ಟು ವಿರಳವಾಗಿರುವ ಆ ತಾಣದಲ್ಲಿ ವಾಸಿಸುವ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಉಂಟುಮಾಡುತ್ತವೆ. ಮೊದಲನೆಯದು ವಿನೆಗರಿಗೆ ಹುಳಿ ಕೊಡುವ ಆಮ್ಲ. ಕೊನೆಯದು ಬೆಣ್ಣೆ ಹಳಸಿದಾಗ ಬರುವ ಕಮಟು ವಾಸನೆಗೆ ಕಾರಣವಾದುದು. ಮೂಗು ಮುಚ್ಚಿಸುವ ಈ ಆಮ್ಲವೇ ಒಳಪೊರೆಗೆ ಮೃಷ್ಟಾನ್ನ!

ಈ ಸಂಗತಿಯನ್ನು ರೋಡಿಗರ್ ಎಂಬ ವಿಜ್ಞಾನಿ ಪ್ರಯೋಗದಿಂದ ತೋರಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಕರುಳಿನಿಂದ ಜೀವಕೋಶಗಳನ್ನು ಬೇರ್ಪಡಿಸಿ, ಅವು ಯಾವ ಉರುವಲನ್ನು ಎಷ್ಟು ದಹಿಸುತ್ತವೆಂದು ಅವರು ಅಳೆದರು. 1980ರಲ್ಲಿ ಪ್ರಕಟವಾದ ಅವರ ಲೇಖನದಂತೆ, ಆ ಜೀವಕೋಶಗಳು ಬಳಸಿದ ಆಮ್ಲಜನಕದಲ್ಲಿ ಶೇಕಡ 70ಕ್ಕೂ ಹೆಚ್ಚು ಭಾಗ ಬ್ಯುಟಿರಿಕ್ ಆಮ್ಲದ ದಹನಕ್ಕೇ ವೆಚ್ಚವಾಗಿತ್ತು. ಅದು ದೊರೆತಾಗ ಗ್ಲೂಕೋಸಿನ ಬಳಕೆ ತಗ್ಗಿತು.

ಹೀಗೆ ಒಳಪೊರೆಯು ಆಮ್ಲಜನಕವನ್ನು ಬಳಸಿಬಿಡುವುದರಿಂದ ಕರುಳಿನೊಳಕ್ಕೆ ಅದು ಸೋರುವುದು ಕಡಿಮೆ. ಆಮ್ಲಜನಕವನ್ನು ಸಹಿಸದ ಬ್ಯಾಕ್ಟೀರಿಯಗಳಿಗೆ ಇದರಿಂದ ನೆಲೆ ಉಳಿಯುತ್ತದೆ. ಉಣಿಸುವವರನ್ನು ಉಣ್ಣುವವರು ಕಾಯುವ ಏರ್ಪಾಡಿದು.

ಬ್ಯಾಕ್ಟೀರಿಯಗಳೇ ಇಲ್ಲದಿದ್ದರೆ? ಸೂಕ್ಷ್ಮಜೀವಿರಹಿತವಾಗಿ ಬೆಳೆಸಿದ ಇಲಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಉತ್ತರವನ್ನಿತ್ತಿತು. ಅವುಗಳ ದೊಡ್ಡ ಕರುಳಿನ ಜೀವಕೋಶಗಳು ಶಕ್ತಿಯ ಅಭಾವದಿಂದ ಬಳಲಿ, ತಮ್ಮ ಒಳಗಿನ ಅಂಶಗಳನ್ನೇ ಕರಗಿಸಿಕೊಳ್ಳತೊಡಗಿದ್ದವು. ಬ್ಯುಟಿರಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯವನ್ನು ಸೇರಿಸಿದ ಮೇಲೆ ಅವು ಚೇತರಿಸಿಕೊಂಡವು.

ಮಾನವರಲ್ಲಿಯೂ ಇದನ್ನು ಹೋಲುವ ಸ್ಥಿತಿಯುಂಟು. ಕೆಲವು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೊಟ್ಟೆಯ ಮೇಲೆ ರಂಧ್ರಮಾಡಿ ಮಲವನ್ನು ಹೊರಗೆ ತಿರುಗಿಸಬೇಕಾಗುತ್ತದೆ. ಆಗ ಏನನ್ನೂ ಪಡೆಯದೆ ಬರಿದಾಗುವ ಕರುಳಿನ ಭಾಗದಲ್ಲಿ ಉರಿಯೂತವು ಕಾಣಿಸಿಕೊಳ್ಳುತ್ತದೆ. ಅಂತಹ ಭಾಗದೊಳಕ್ಕೆ ಈ ಆಮ್ಲಗಳ ದ್ರಾವಣವನ್ನು ಹಾಯಿಸಿದಾಗ ಉರಿಯೂತವು ಶಮನವಾಯಿತೆಂದು 1989ರಲ್ಲಿ ವೈದ್ಯರು ವರದಿ ಮಾಡಿದರು. ಮುಂದೆ ನಡೆದ ಎಲ್ಲ ಪ್ರಯೋಗಗಳಲ್ಲಿಯೂ ಅದೇ ಫಲ ದೊರೆಯಲಿಲ್ಲ.